ಬಳಸುವ ಮೊದಲೇ ತಣ್ಣಗಾಗುತ್ತಿದ್ದ ಬಿಸಿನೀರು: ಒಂದು ಮನೆಯ ಪ್ರಕರಣ ಅಧ್ಯಯನ

ಐದು ಜನರ ಒಂದು ಕುಟುಂಬ ತನ್ನ 200 ಲೀಟರಿನ ವಿದ್ಯುತ್ ಗೀಸರ್ ತೆಗೆಸಿ 300 ಲೀಟರಿನದನ್ನು ಹಾಕಿಸಲು ಸಿದ್ಧವಾಗಿತ್ತು. ಬೆಳಗಿನ ಕೊನೆಯ ಸ್ನಾನದ ಹೊತ್ತಿಗೆ ನೀರು ಉಗುರುಬೆಚ್ಚಗಾಗಿಬಿಡುತ್ತಿತ್ತು. ವಿದ್ಯುತ್ ಬಳಕೆಯೋ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ದೊಡ್ಡ ಗೀಸರಿಗೆ ಮುಂಗಡ ಕೊಡುವ ಮೊದಲು ಒಮ್ಮೆ ನೋಡಿ ಹೇಳಿ ಎಂದು ಅವರು ನನ್ನನ್ನು ಕರೆದರು. ಕೊನೆಗೆ ಆ ಹಳೆಯ ಗೀಸರೇ ಉಳಿಯಿತು. ದಿನಕ್ಕೆ ಸುಮಾರು 24 ಯೂನಿಟ್ ಎಳೆಯುತ್ತಿದ್ದದ್ದು 10ರ ಆಸುಪಾಸಿಗೆ ಇಳಿಯಿತು, ಐವರಿಗೂ ಬಿಸಿನೀರು ಸಿಕ್ಕಿತು. ಇಲ್ಲಿಗೆ ಬಂದದ್ದು ನೇರ ದಾರಿಯಲ್ಲಲ್ಲ. ದಾರಿಯ ತಿರುವುಗಳು ಬೇರೆ ಮನೆಗಳಿಗೂ ಉಪಯೋಗಕ್ಕೆ ಬರಬಹುದು ಎಂಬ ನಂಬಿಕೆಯಿಂದ, ಕುಟುಂಬದ ಒಪ್ಪಿಗೆ ಪಡೆದು ಇದನ್ನು ದಾಖಲಿಸುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಅಳತೆಗಳನ್ನು ಸಮೀಪದ ಅಂಕಿಗೆ ಹೊಂದಿಸಿದ್ದೇನೆ.

ಹಿನ್ನೆಲೆ

ಮನೆಯಲ್ಲಿ ಅಜ್ಜಿ, ಮನೆಯ ಯಜಮಾನರಾದ ಅವರ ಮಗ, ಸೊಸೆ ಮತ್ತು ಈ ದಂಪತಿಯ ಹದಿಹರೆಯದ ಇಬ್ಬರು ಮಕ್ಕಳಿದ್ದಾರೆ: ಒಬ್ಬ ಮಗ, ಒಬ್ಬಳು ಮಗಳು. ಮುಂದೆ ಮಗ, ಮಗಳು ಎಂದದ್ದು ಈ ಇಬ್ಬರನ್ನೇ. ಎರಡು ಅಂತಸ್ತಿನ ಮನೆ. ನೆಲಮಹಡಿಯ ಉಗ್ರಾಣದ ಮೂಲೆಯಲ್ಲಿ 3 ಕಿಲೋವ್ಯಾಟ್ ಕಾಯಿಲ್ ಇರುವ ಗೀಸರ್ ನಿಂತಿದೆ. ಅದರ ಪಕ್ಕದ ಗೋಡೆಯಾಚೆ ಅಜ್ಜಿಯ ಬಚ್ಚಲು, ಮೇಲಂತಸ್ತಿನಲ್ಲಿ ಎರಡು ಬಚ್ಚಲು. ಅಡುಗೆಮನೆ ನೆಲಮಹಡಿಯ ಇನ್ನೊಂದು ತುದಿಯಲ್ಲಿದೆ.

ಗೀಸರಿನ ನೆತ್ತಿಯಿಂದ ಹೊರಟ ಬಿಸಿನೀರಿನ ತಾಮ್ರದ ಪೈಪು ಮೇಲಕ್ಕೇರಿ, ಎರಡೂ ಬಚ್ಚಲುಗಳನ್ನು ಹಾಯ್ದು, ಅಡುಗೆಮನೆಗೆ ಇಳಿಯುತ್ತದೆ. ಅಲ್ಲಿಂದ ತೆಳುವಾದ ಇನ್ನೊಂದು ಪೈಪು ಉಳಿದ ನೀರನ್ನು ಗೀಸರಿನ ಬುಡಕ್ಕೆ ಮರಳಿ ತರುತ್ತದೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲಿ, ಪೈಪಿನಲ್ಲಿ ನಿಂತ ತಣ್ಣೀರು ಚರಂಡಿಗೆ ಹೋಗದಿರಲಿ ಎಂದು ಕಟ್ಟುವಾಗಲೇ ಮಾಡಿದ ಸುತ್ತು ಇದು. ಮರಳುವ ಪೈಪಿನಲ್ಲಿ ಪುಟ್ಟ ಪಂಪೊಂದಿತ್ತು. ಅದು ಹಗಲೂ ರಾತ್ರಿ ಓಡುತ್ತದೆ ಎಂದು ಗೊತ್ತಾದಾಗ ಮನೆಯ ಯಜಮಾನರು ಅದರ ಪ್ಲಗ್ ಕಿತ್ತಿಟ್ಟಿದ್ದರು. ಅದಾಗಿ ಕೆಲವು ವರ್ಷಗಳೇ ಆಗಿದ್ದವು. ಪಂಪ್ ನಿಂತ ಮೇಲೂ ಅಡುಗೆಮನೆಯ ನಲ್ಲಿಗೆ ಬಿಸಿನೀರು ಬೇಗನೆ ಬರುತ್ತಿತ್ತು. ಪಂಪೇ ಬೇಕಿರಲಿಲ್ಲ ನೋಡಿ ಎಂದು ಅವರು ಸಂತೋಷಪಟ್ಟಿದ್ದರು. ಇಡೀ ಪ್ರಕರಣದ ಮೊದಲ ಸುಳಿವು ಆ ಮಾತಿನಲ್ಲೇ ಇತ್ತು.

ಸಮಸ್ಯೆ

ಮನೆಯವರ ಪ್ರಕಾರ ಸಮಸ್ಯೆ ಎರಡು: ಬಿಲ್ಲು ಹೆಚ್ಚು, ನೀರು ಸಾಲದು. ಸ್ನಾನದ ಸರದಿ ಅಜ್ಜಿಯಿಂದ ಶುರುವಾಗಿ ಮಗಳಲ್ಲಿ ಮುಗಿಯುತ್ತಿತ್ತು. ತಣ್ಣೀರು ಸಿಗುತ್ತಿದ್ದದ್ದು ಅವಳಿಗೆ, ಶವರಿನಡಿ ಹೆಚ್ಚು ಹೊತ್ತು ನಿಲ್ಲುತ್ತಾಳೆ ಎಂಬ ದೂರು ಕೂಡ ಅವಳ ಮೇಲೆಯೇ. ದಿನಾ ಬೆಳಿಗ್ಗೆ ಈ ವಿಷಯಕ್ಕೆ ಮಾತಿಗೆ ಮಾತು ಬೆಳೆಯುತ್ತಿತ್ತು. ಇಂಥ ಪ್ರಕರಣಗಳಲ್ಲಿ ನಾನು ಇದನ್ನು ಹಗುರವಾಗಿ ನೋಡುವುದಿಲ್ಲ. ಅಳತೆಯಿಲ್ಲದ ಮನೆಯಲ್ಲಿ ಶಕ್ತಿಯ ಲೆಕ್ಕ ಯಾರಾದರೊಬ್ಬರ ತಲೆಗೆ ಬರುತ್ತದೆ, ಸಾಮಾನ್ಯವಾಗಿ ಕಣ್ಣಿಗೆ ಕಾಣುವಂತೆ ನೀರು ಬಳಸುವವರ ತಲೆಗೆ. ಗೋಡೆಯೊಳಗೆ ಹೋಗುವ ಶಾಖ ಯಾರ ಕಣ್ಣಿಗೂ ಬೀಳುವುದಿಲ್ಲ.

ಅದಕ್ಕೂ ಮೊದಲು ಮಾಡಿದ ಪ್ರಯತ್ನಗಳು

ಕುಟುಂಬ ಸುಮ್ಮನೆ ಕುಳಿತಿರಲಿಲ್ಲ. ಮೊದಲು ಥರ್ಮೋಸ್ಟ್ಯಾಟನ್ನು 70 ಡಿಗ್ರಿಯಿಂದ 55ಕ್ಕೆ ಇಳಿಸಿದರು. ಬಳಕೆ ಸ್ವಲ್ಪ ತಗ್ಗಿತು, ಆದರೆ ನೀರು ಬೇಗ ಮುಗಿಯತೊಡಗಿತು. ಮತ್ತೆ 60ಕ್ಕೆ ಏರಿಸಿದರು.

ಆಮೇಲೆ ಪ್ಲಂಬರ್ ಒಬ್ಬರ ಸಲಹೆಯಂತೆ ಕಾಯಿಲ್ ಬಿಚ್ಚಿಸಿ, ಅದಕ್ಕೆ ಹತ್ತಿದ ಸುಣ್ಣದ ಪೊರೆ ತೆಗೆಸಿದರು. ಪೊರೆ ದಪ್ಪಗೇ ಇತ್ತು, ಆದರೂ ಮೀಟರಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾಣಬೇಕೆಂದೂ ಇಲ್ಲ. ನೀರಿನೊಳಗೆ ಮುಳುಗಿರುವ ವಿದ್ಯುತ್ ಕಾಯಿಲಿನ ಶಾಖಕ್ಕೆ ನೀರಲ್ಲದೆ ಬೇರೆಲ್ಲೂ ಹೋಗಲು ದಾರಿಯಿಲ್ಲ. ಪೊರೆ ಇದ್ದರೆ ಕಾಯಿಲ್ ಒಳಗೊಳಗೇ ಹೆಚ್ಚು ಕಾದು ಬೇಗ ಸುಡುತ್ತದೆ, ಆದರೆ ಯೂನಿಟ್‌ಗಳು ಅಷ್ಟಾಗಿ ಪೋಲಾಗುವುದಿಲ್ಲ. ಗ್ಯಾಸ್ ಉರಿಯಿಂದ ಕಾಯುವ ಗೀಸರಿನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಪೊರೆ ಅಡ್ಡ ಬಂದಷ್ಟೂ ಶಾಖ ಹೊಗೆಕೊಳವೆಯ ಮೂಲಕ ಹೊರಗೆ ಹೋಗುತ್ತದೆ.

ಮೂರನೆಯ ಪ್ರಯತ್ನ ಟೈಮರ್. ರಾತ್ರಿ ಹತ್ತಕ್ಕೆ ಗೀಸರ್ ಆರಿ, ಬೆಳಿಗ್ಗೆ ಐದೂವರೆಗೆ ಮತ್ತೆ ಹೊತ್ತಿಕೊಳ್ಳುವಂತೆ ಮಾಡಿದರು. ಆರಕ್ಕೆ ಸ್ನಾನಗಳು ಶುರು. ಬಳಕೆ ತುಸು ಇಳಿಯಿತು, ಆದರೆ ಮಗಳ ಪಾಲಿಗೆ ನೀರು ಮೊದಲಿಗಿಂತ ತಣ್ಣಗಾಯಿತು. ಟ್ಯಾಂಕು ಚಿಕ್ಕದಾಯಿತು, ಮಕ್ಕಳು ದೊಡ್ಡವರಾದರಲ್ಲ ಎಂಬ ತೀರ್ಮಾನಕ್ಕೆ ಬಂದದ್ದು ಆಗಲೇ. ಮಾರಾಟಕ್ಕೆ ಬಂದ ಒಬ್ಬರು 300 ಲೀಟರಿನ ಗೀಸರ್ ತೋರಿಸಿದರು, ಇನ್ನೊಬ್ಬರು ಗಾಳಿಯ ಶಾಖವನ್ನು ನೀರಿಗೆ ಸಾಗಿಸಿ ಕಾಯಿಸುವ ಹೀಟ್ ಪಂಪ್ ಹಾಕಿಸಿ ಎಂದರು. ಸೂರ್ಯನ ಶಾಖದಿಂದ ಕಾಯಿಸುವ ಆಲೋಚನೆಯೂ ಬಂದಿತ್ತು, ಆದರೆ ಪಕ್ಕದ ಎತ್ತರದ ಕಟ್ಟಡದ ನೆರಳು ದಿನದ ಹೆಚ್ಚಿನ ಹೊತ್ತು ಇವರ ಮಾಡಿನ ಮೇಲೆ ಬೀಳುತ್ತಿದ್ದುದರಿಂದ ಅದನ್ನು ಕೈಬಿಟ್ಟಿದ್ದರು. ಆ ನಿರ್ಧಾರ ಸರಿಯಾದದ್ದೇ.

ಅಳೆದು ನೋಡಿದಾಗ

ನಾನು ಮೊದಲು ಕೇಳಿದ್ದು ಗೀಸರಿಗೇ ಪ್ರತ್ಯೇಕವಾದ ಒಂದು ಸಬ್ ಮೀಟರ್. ಇಡೀ ಮನೆಯ ಬಿಲ್ಲಿನಿಂದ ಗೀಸರಿನ ಪಾಲನ್ನು ಊಹಿಸುವುದು ಸಾಧ್ಯ, ಆದರೆ ಊಹೆಯ ಮೇಲೆ ದೊಡ್ಡ ಖರ್ಚಿನ ನಿರ್ಧಾರ ಮಾಡಬಾರದು. ಟೈಮರನ್ನು ಬದಿಗಿಟ್ಟು, ಥರ್ಮೋಸ್ಟ್ಯಾಟ್ 60ರಲ್ಲಿಟ್ಟು ಕೆಲವು ದಿನ ಎಂದಿನಂತೆ ಬಳಸಲು ಹೇಳಿದೆ. ದಿನಕ್ಕೆ ಸರಾಸರಿ 24 ಯೂನಿಟ್ ಬಂತು.

ಆಮೇಲೆ ಅವರಿಗೆ ನಿಜವಾಗಿ ಎಷ್ಟು ಶಾಖ ಬೇಕು ಎಂಬ ಲೆಕ್ಕ. ಇದಕ್ಕೆ ಗೊತ್ತಿರಬೇಕಾದದ್ದು ಒಂದೇ ಸಂಖ್ಯೆ: ಒಂದು ಯೂನಿಟ್ ವಿದ್ಯುತ್ 860 ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡುತ್ತದೆ. ಲೀಟರುಗಳನ್ನು ಡಿಗ್ರಿಗಳಿಂದ ಗುಣಿಸಿ 860ರಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಬಕೆಟ್ಟು ಮತ್ತು ಗಡಿಯಾರ ಹಿಡಿದು ಶವರುಗಳನ್ನು ಅಳೆದೆವು: ನಿಮಿಷಕ್ಕೆ 12 ಲೀಟರ್. ದಂಪತಿಯದು ತಲಾ ಆರು ನಿಮಿಷ, ಮಕ್ಕಳದು ತಲಾ ಹತ್ತು ನಿಮಿಷ, ಅಜ್ಜಿಗೆ 30 ಲೀಟರ್ ಸಾಕು. ಒಟ್ಟು 414 ಲೀಟರ್. ಬರುವ ನೀರು 20 ಡಿಗ್ರಿ, ಮೈಗೆ ಬೀಳುವುದು 40 ಡಿಗ್ರಿ. 414ನ್ನು 20ರಿಂದ ಗುಣಿಸಿ 860ರಿಂದ ಭಾಗಿಸಿದರೆ 9.6 ಯೂನಿಟ್. ಪಾತ್ರೆ ತೊಳೆಯುವ ನೀರಿಗೆ ಇನ್ನೊಂದು ಯೂನಿಟ್ಟಿಗಿಂತ ಕಡಿಮೆ. ಸೇರಿಸಿದರೆ ಸುಮಾರು ಹತ್ತೂವರೆ.

24ರಲ್ಲಿ ಹತ್ತೂವರೆಗೆ ಲೆಕ್ಕ ಸಿಕ್ಕಿತು, ಹದಿಮೂರೂವರೆಗೆ ಸಿಗಲಿಲ್ಲ. ದೂರು ಹೊತ್ತಿದ್ದ ಮಗಳ ಹತ್ತು ನಿಮಿಷದ ಸ್ನಾನ ತೆಗೆದುಕೊಳ್ಳುತ್ತಿದ್ದದ್ದು 2.8 ಯೂನಿಟ್ ಮಾತ್ರ. ಈ ಅಂಕಿಯನ್ನು ಎಲ್ಲರೂ ಕುಳಿತಿದ್ದಾಗಲೇ ಹೇಳಿದೆ, ಹೇಳಬೇಕು ಎಂದು ನನಗೆ ಅನ್ನಿಸಿತ್ತು.

ಯಾರೂ ಇಲ್ಲದ ಎರಡು ದಿನ

ಪ್ರಕರಣ ನಿಜವಾಗಿ ತಿರುಗಿದ್ದು ಇಲ್ಲಿ. ಕುಟುಂಬ ಎರಡು ದಿನ ಊರಿನಲ್ಲಿ ಇರುವುದಿಲ್ಲ ಎಂದು ಗೊತ್ತಾದಾಗ, ಹೋಗುವಾಗ ಗೀಸರ್ ಆರಿಸಬೇಡಿ ಎಂದೆ. ಯಜಮಾನರಿಗೆ ಅದು ಹಿಡಿಸಲಿಲ್ಲ. "ಮನೆಯಲ್ಲಿ ಯಾರೂ ಇಲ್ಲದಾಗ ನೀರು ಕಾಯಿಸುತ್ತಾ ಇರಬೇಕೇ? ಇಷ್ಟು ದಿನ ಉಳಿಸಬೇಕು ಎನ್ನುತ್ತಿದ್ದವರು ನೀವೇ" ಎಂದರು. ಅವರ ಆಕ್ಷೇಪ ನ್ಯಾಯವಾದದ್ದು. ಆದರೆ ಯಾರೂ ಒಂದು ಹನಿಯನ್ನೂ ಬಳಸದ ಹೊತ್ತಿನಲ್ಲಿ ಮೀಟರ್ ಎಷ್ಟು ಓಡುತ್ತದೆ ಎಂಬುದು ಬೇರೆ ಯಾವ ಉಪಾಯದಿಂದಲೂ ಅಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ. ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಸುರಕ್ಷತಾ ವಾಲ್ವ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಅವರು ಹೊರಟರು.

48 ಗಂಟೆಗಳ ನಂತರ ಮೀಟರಿನಲ್ಲಿ 27 ಯೂನಿಟ್ ಏರಿತ್ತು. ದಿನಕ್ಕೆ ಹದಿಮೂರೂವರೆ: ಲೆಕ್ಕಕ್ಕೆ ಸಿಗದಿದ್ದ ಅಷ್ಟೂ.

ಯಜಮಾನರು ಮೊದಲು ಟ್ಯಾಂಕಿನ ಮೇಲೆ ಸಂಶಯಪಟ್ಟರು. ಹಳೆಯದಾಯಿತು, ಒಳಗಿನ ಫೋಮ್ ಹೋಗಿರಬೇಕು ಎಂದರು. ಟ್ಯಾಂಕಿನ ಹೊರಮೈ ಮುಟ್ಟಿದರೆ ತಂಪಾಗಿಯೇ ಇತ್ತು. ನಾವು ಆಗ ಮುಟ್ಟಿ ನೋಡಿದ್ದು ಟ್ಯಾಂಕಿನ ಬುಡಕ್ಕೆ ಮರಳುವ ಪೈಪನ್ನು. ಪಂಪಿನ ಪ್ಲಗ್ ವರ್ಷಗಳಿಂದ ಗೋಡೆಯ ಮೊಳೆಗೆ ನೇತುಬಿದ್ದಿತ್ತು, ಆದರೂ ಪೈಪು ಬೆಚ್ಚಗಿತ್ತು. ಮನೆಯಲ್ಲಿ ಬೆಳಗಿನಿಂದ ಯಾರೂ ಬಿಸಿನೀರಿನ ನಲ್ಲಿ ತಿರುಗಿಸಿರಲಿಲ್ಲ.

ಕಾರಣ ಸರಳ. 60 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 983 ಗ್ರಾಂ ತೂಗುತ್ತದೆ, 45 ಡಿಗ್ರಿಯದು ಸುಮಾರು 990 ಗ್ರಾಂ. ಗೀಸರ್ ಕೆಳಗಿದೆ, ಪೈಪಿನ ಸುತ್ತು ಮೇಲಂತಸ್ತಿಗೆ ಹೋಗಿ ಬರುತ್ತದೆ. ಬಿಸಿಯಾದ ಹಗುರ ನೀರು ಏರುತ್ತದೆ, ದಾರಿಯುದ್ದಕ್ಕೂ ಶಾಖ ಕಳೆದುಕೊಂಡು ಭಾರವಾಗುತ್ತದೆ, ಅಡುಗೆಮನೆಯ ಬದಿಯಿಂದ ಇಳಿದು ಟ್ಯಾಂಕಿಗೆ ಮರಳುತ್ತದೆ. ಪಂಪ್ ಬೇಕಿಲ್ಲ, ಆ ಏಳು ಗ್ರಾಂ ವ್ಯತ್ಯಾಸವೇ ನೀರನ್ನು ನಿಧಾನವಾಗಿ ಓಡಿಸುತ್ತಿರುತ್ತದೆ. ಇದನ್ನು ತಡೆಯಬೇಕಾದದ್ದು ಪಂಪಿನ ಪಕ್ಕದ ಚೆಕ್ ವಾಲ್ವ್, ಅಂದರೆ ಪಂಪ್ ತಳ್ಳಿದಾಗ ಮಾತ್ರ ತೆರೆದು ಉಳಿದ ಹೊತ್ತು ತಾನಾಗಿ ಮುಚ್ಚಿರಬೇಕಾದ ವಾಲ್ವ್. ನಂತರ ಬಿಚ್ಚಿ ನೋಡಿದಾಗ ಅದರ ಮುಚ್ಚಳದ ಕೆಳಗೆ ಸುಣ್ಣದ ಹರಳು ಕಟ್ಟಿ, ಮುಚ್ಚಳ ಅರ್ಧ ತೆರೆದ ಸ್ಥಿತಿಯಲ್ಲೇ ಬಿಗಿದುಕೊಂಡಿತ್ತು. ಪೈಪಿನ ಬಹುಭಾಗಕ್ಕೆ ಶಾಖ ಸೋರದಂತೆ ತಡೆಯುವ ಹೊದಿಕೆಯೇ ಇರಲಿಲ್ಲ.

ಖಚಿತಪಡಿಸಿಕೊಳ್ಳಲು ರಾತ್ರಿಯ ಪರೀಕ್ಷೆಗಳನ್ನು ಮಾಡಿದೆವು. ಮರಳುವ ಪೈಪಿನ ಬಾಲ್ ವಾಲ್ವನ್ನು ಕೆಲವು ರಾತ್ರಿ ತೆರೆದಿಟ್ಟು, ಕೆಲವು ರಾತ್ರಿ ಮುಚ್ಚಿ, ಹತ್ತರಿಂದ ಐದರವರೆಗಿನ ಮೀಟರ್ ಓದನ್ನು ಬರೆದುಕೊಳ್ಳುವ ಕೆಲಸವನ್ನು ಮಗ ವಹಿಸಿಕೊಂಡ. ಒಂದೇ ರಾತ್ರಿಯ ಅಂಕಿಯನ್ನು ನಂಬಬಾರದು. ಥರ್ಮೋಸ್ಟ್ಯಾಟ್ ಆರುವ ಮತ್ತು ಹೊತ್ತುವ ತಾಪಗಳ ನಡುವೆ ಐದು ಡಿಗ್ರಿ ಅಂತರವಿದ್ದರೂ 200 ಲೀಟರಿಗೆ ಅದು 1.2 ಯೂನಿಟ್ ಆಗುತ್ತದೆ. ಹಾಗಾಗಿ ಗೀಸರ್ ಆಗಷ್ಟೇ ಕಾದು ಆರಿತ್ತೋ, ಇನ್ನೇನು ಹೊತ್ತುವುದರಲ್ಲಿತ್ತೋ ಎಂಬುದರ ಮೇಲೆ ಒಂದು ರಾತ್ರಿಯ ಓದು ತಲೆಕೆಳಗಾಗಬಹುದು. ಸರಾಸರಿ ತೆಗೆದಾಗ ವಾಲ್ವ್ ತೆರೆದ ರಾತ್ರಿಗಳಲ್ಲಿ ಸುಮಾರು 4 ಯೂನಿಟ್, ಮುಚ್ಚಿದ ರಾತ್ರಿಗಳಲ್ಲಿ ಮುಕ್ಕಾಲು ಯೂನಿಟ್. ದಿನಕ್ಕೆ ಹಿಗ್ಗಿಸಿದರೆ ಟ್ಯಾಂಕಿನ ಸ್ವಂತ ನಷ್ಟ 2.6 ಯೂನಿಟ್, ಪೈಪಿನ ಸುತ್ತಿನದು ಹತ್ತಿರಹತ್ತಿರ 11. ಹಳೆಯ ಕಾಲದ ನೂರು ವ್ಯಾಟಿನ ನಾಲ್ಕು ಬಲ್ಬುಗಳನ್ನು ಗೋಡೆಯೊಳಗೆ ಹುದುಗಿಸಿ ಹಗಲೂ ರಾತ್ರಿ ಉರಿಸಿದರೂ ಅಷ್ಟು ಖರ್ಚಾಗುತ್ತಿರಲಿಲ್ಲ.

ಟೈಮರ್ ಹಾಕಿದ ಮೇಲೆ ಮಗಳ ನೀರು ಇನ್ನಷ್ಟು ತಣ್ಣಗಾದದ್ದು ಏಕೆ ಎಂಬುದೂ ಈಗ ತಿಳಿಯಿತು. ರಾತ್ರಿಯಿಡೀ ಸುತ್ತು ಟ್ಯಾಂಕಿನ ಶಾಖ ಹೀರುತ್ತಿತ್ತು, ಗೀಸರ್ ಮಾತ್ರ ಆರಿರುತ್ತಿತ್ತು. 60ರಲ್ಲಿದ್ದ ನೀರು ಬೆಳಗಿನ ಹೊತ್ತಿಗೆ 45ರ ಹತ್ತಿರಕ್ಕೆ ಇಳಿಯುತ್ತಿತ್ತು. ಐದೂವರೆಯಿಂದ ಆರರವರೆಗಿನ ಅರ್ಧ ಗಂಟೆಯಲ್ಲಿ 3 ಕಿಲೋವ್ಯಾಟಿನ ಕಾಯಿಲ್ ಅದನ್ನು ಆರು ಡಿಗ್ರಿಯಷ್ಟು ಮಾತ್ರ ಮೇಲೆತ್ತಬಲ್ಲದು. ಬರುವ 20 ಡಿಗ್ರಿಯ ನೀರಿಗೆ ಹೋಲಿಸಿದರೆ, 60 ಡಿಗ್ರಿಯ 200 ಲೀಟರ್ ನೀರಿನಲ್ಲಿ 9.3 ಯೂನಿಟ್ ಹೆಚ್ಚು ಶಾಖವಿದ್ದರೆ 50 ಡಿಗ್ರಿಯದರಲ್ಲಿ 7. ಟ್ಯಾಂಕು ಚಿಕ್ಕದಿರಲಿಲ್ಲ, ಅರೆಬರೆ ತುಂಬಿದ ಶಾಖದೊಡನೆ ಬೆಳಗನ್ನು ಶುರುಮಾಡುತ್ತಿತ್ತು. 300 ಲೀಟರಿನದನ್ನು ಹಾಕಿಸಿದ್ದರೂ ಸುತ್ತಿನ ನಷ್ಟ ಹಾಗೆಯೇ ಇರುತ್ತಿತ್ತು, ಹೊಸ ಟ್ಯಾಂಕಿನ ನಷ್ಟ ಅದಕ್ಕೆ ಸೇರುತ್ತಿತ್ತು.

ಇಷ್ಟಾದರೂ ಟೈಮರ್ ತಪ್ಪು ಎಂದು ಅರ್ಥವಲ್ಲ. ಗೀಸರನ್ನು ಆರಿಸಿ ಹೊತ್ತಿಸುವುದಕ್ಕಿಂತ ಯಾವಾಗಲೂ ಹೊತ್ತಿಸಿಡುವುದೇ ಅಗ್ಗ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಅದು ಸರಿಯಲ್ಲ. ಶಾಖ ಸೋರುವ ವೇಗ ಟ್ಯಾಂಕಿನ ಮತ್ತು ಸುತ್ತಲಿನ ತಾಪದ ಅಂತರಕ್ಕೆ ತಕ್ಕಂತೆ ಇರುವುದರಿಂದ, ನೀರು ತಣ್ಣಗಿದ್ದಷ್ಟು ಹೊತ್ತು ನಷ್ಟ ಕಡಿಮೆಯೇ. ಒಳ್ಳೆಯ ಹೊದಿಕೆಯ ಟ್ಯಾಂಕಿನಲ್ಲಿ ಉಳಿತಾಯ ಚಿಕ್ಕದು, ಅಷ್ಟೇ.

ನಿರ್ಧಾರಗಳು

ಸುತ್ತನ್ನು ಏನು ಮಾಡುವುದು ಎಂಬುದಕ್ಕೆ ಎರಡು ದಾರಿಗಳಿದ್ದವು. ಸುತ್ತನ್ನೇ ಕಡಿದುಹಾಕಿ, ದೂರದ ಅಡುಗೆಮನೆಗೆ ಒಂದು ಪುಟ್ಟ ಗೀಸರ್ ಕೊಡುವುದು ಒಂದು. ಚೆಕ್ ವಾಲ್ವ್ ಬದಲಿಸಿ, ಪೈಪಿಗೆ ಹೊದಿಕೆ ಹಾಕಿ, ಪಂಪನ್ನು ಬೇಕಾದಾಗ ಮಾತ್ರ ಗುಂಡಿ ಒತ್ತಿ ಓಡಿಸುವುದು ಇನ್ನೊಂದು. ಮೊದಲನೆಯದು ನನಗೆ ಇಷ್ಟವಾದ ದಾರಿ, ಏಕೆಂದರೆ ಕೆಡಬಹುದಾದ ಭಾಗಗಳು ಅದರಲ್ಲಿ ಕಡಿಮೆ. ಮನೆಯೊಡತಿ ಒಪ್ಪಲಿಲ್ಲ. ಮೇಲಿನ ಬಚ್ಚಲುಗಳಿಗೂ ಬಿಸಿನೀರು ಬರುವವರೆಗೆ ಲೀಟರುಗಟ್ಟಲೆ ನೀರು ಚರಂಡಿಗೆ ಬಿಡಲು ತಮಗೆ ಮನಸ್ಸಿಲ್ಲ ಎಂದರು. 20 ಮಿಲಿಮೀಟರ್ ಒಳವ್ಯಾಸದ ಪೈಪಿನ ಪ್ರತಿ ಮೀಟರಿನಲ್ಲಿ 0.3 ಲೀಟರ್ ನೀರು ನಿಂತಿರುತ್ತದೆ, 20 ಮೀಟರಿಗೆ ಆರು ಲೀಟರಿಗೂ ಮೇಲೆ. ದಿನಕ್ಕೆ ಹಲವು ಬಾರಿ ಎಂದರೆ ಅದೂ ಸಣ್ಣದಲ್ಲ. ಅವರ ಮಾತಿಗೆ ಒಪ್ಪಿ ಎರಡನೆಯ ದಾರಿ ಹಿಡಿದೆವು. ಗುಂಡಿ ಒತ್ತಿದರೆ ಪಂಪ್ ಓಡಿ, ಪೈಪಿನ ತುದಿಗೆ ಬಿಸಿ ಮುಟ್ಟಿದ ಕೂಡಲೇ ತಾನಾಗಿ ನಿಲ್ಲುವ ವ್ಯವಸ್ಥೆ. ಮುಚ್ಚಳ ಜೋತಾಡುವ ಹಳೆಯ ಬಗೆಯ ಬದಲು ಸ್ಪ್ರಿಂಗ್ ಇರುವ ಚೆಕ್ ವಾಲ್ವ್ ಹಾಕಿಸಿದೆವು. ತಾಪದ ವ್ಯತ್ಯಾಸದಿಂದ ಹುಟ್ಟುವ ಒತ್ತಡ ತೀರ ಕಡಿಮೆ, ಸ್ಪ್ರಿಂಗನ್ನು ತಳ್ಳಿ ತೆರೆಯುವ ಬಲ ಅದಕ್ಕಿಲ್ಲ.

ಒಂದೇ ಸಲ ಎಲ್ಲವನ್ನೂ ಬದಲಿಸಬಾರದು, ಒಂದೊಂದನ್ನೇ ಮಾಡಿ ಅಳೆಯೋಣ ಎಂದು ನಾನು ಹಟ ಹಿಡಿದೆ. ಇಲ್ಲವಾದರೆ ಯಾವುದು ಫಲ ಕೊಟ್ಟಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ಖರ್ಚು ಬೇಕೇ ಬೇಡವೇ ಎಂದು ಹೇಳಲಾಗುವುದಿಲ್ಲ. ಸುತ್ತಿನ ಕೆಲಸ ಮುಗಿದ ಮೇಲೆ ಗೀಸರಿನ ಬಳಕೆ ದಿನಕ್ಕೆ 14 ಯೂನಿಟ್ಟಿನ ಸಮೀಪಕ್ಕೆ ಬಂತು. ಅದೇ ವಾರ ಮಗಳಿಗೆ ಕೊನೆಯವರೆಗೂ ಬಿಸಿನೀರು ಸಿಕ್ಕಿತು. ಟೈಮರ್ ಮತ್ತೆ ಕೆಲಸಕ್ಕೆ ಬಂದಿದ್ದರೂ ಬೆಳಗಿನ ಟ್ಯಾಂಕು ಈಗ ಮೂರೋ ನಾಲ್ಕೋ ಡಿಗ್ರಿ ಮಾತ್ರ ಇಳಿದಿರುತ್ತಿತ್ತು, ಅರ್ಧ ಗಂಟೆಯಲ್ಲಿ ಮತ್ತೆ 60 ಮುಟ್ಟುತ್ತಿತ್ತು. ದೊಡ್ಡ ಗೀಸರಿನ ಮಾತು ಅಲ್ಲಿಗೆ ನಿಂತಿತು.

ಇನ್ನೊಂದು ನಿರ್ಧಾರಕ್ಕೆ ಬಹಳ ಚರ್ಚೆ ಬೇಕಾಯಿತು. ಈಗ ನೀರು ಸಾಕಾಗುತ್ತಿದೆಯಲ್ಲ, ಥರ್ಮೋಸ್ಟ್ಯಾಟನ್ನು 50ಕ್ಕೆ ಇಳಿಸಿ ಇನ್ನಷ್ಟು ಉಳಿಸೋಣ ಎಂದು ಯಜಮಾನರು ಕೇಳಿದರು. ಸ್ನಾನಕ್ಕೆ ಬೇಕಾದ ಶಾಖ ಥರ್ಮೋಸ್ಟ್ಯಾಟ್ ಎಲ್ಲಿದ್ದರೂ ಒಂದೇ. 60ರ ನೀರಿಗೆ ಹೆಚ್ಚು ತಣ್ಣೀರು ಬೆರೆಸುತ್ತೇವೆ, 50ರದಕ್ಕೆ ಕಡಿಮೆ. ಉಳಿಯುವುದು ಟ್ಯಾಂಕಿನ ನಷ್ಟದ ಸುಮಾರು ಕಾಲುಭಾಗ ಮಾತ್ರ, ಇಲ್ಲಿ ದಿನಕ್ಕೆ ಮುಕ್ಕಾಲು ಯೂನಿಟ್ಟಿಗಿಂತ ಕಡಿಮೆ. ಅದಕ್ಕೆದುರಾಗಿ ನಿಂತದ್ದು ಅಜ್ಜಿಯ ಆರೋಗ್ಯ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನೀರಿನಲ್ಲಿ ಬೆಳೆಯುತ್ತದೆ. ಶವರಿನ ತುಂತುರಿನ ಮೂಲಕ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ತರುತ್ತದೆ, ವಯಸ್ಸಾದವರಿಗೆ ಅಪಾಯ ಹೆಚ್ಚು. 60 ಡಿಗ್ರಿಯಲ್ಲಿ ಅದು ನಿಮಿಷಗಳಲ್ಲಿ ಸಾಯುತ್ತದೆ. 50 ಎಂದು ಗುರುತಿಟ್ಟ ಟ್ಯಾಂಕಿನ ಬುಡದಲ್ಲಿ ನೀರು ಅದಕ್ಕಿಂತ ತಣ್ಣಗಿರುತ್ತದೆ ಎಂಬುದನ್ನೂ ಮರೆಯಬಾರದು. ಅಷ್ಟು ಸಣ್ಣ ಉಳಿತಾಯಕ್ಕಾಗಿ ಈ ಅಪಾಯ ಬೇಡ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಆದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಅದಕ್ಕಾಗಿ ಅಜ್ಜಿಯ ಬಚ್ಚಲಿಗೆ ಹೋಗುವ ಪೈಪಿನಲ್ಲಿ ಬಿಸಿ ಮತ್ತು ತಣ್ಣೀರನ್ನು ತಾನೇ ಬೆರೆಸಿ ತಾಪ ಮಿತಿಯಲ್ಲಿಡುವ ವಾಲ್ವ್ ಕೂರಿಸಿ, ನಲ್ಲಿಗೆ 43 ಡಿಗ್ರಿಗಿಂತ ಹೆಚ್ಚಿನ ನೀರು ಬಾರದಂತೆ ಮಾಡಿದೆವು. ಈ ಪ್ರಕರಣದಲ್ಲಿ ಉಳಿತಾಯಕ್ಕೆ ಸಂಬಂಧವೇ ಇಲ್ಲದ ಒಂದೇ ಖರ್ಚು ಇದು, ನನ್ನ ಪ್ರಕಾರ ಎಲ್ಲಕ್ಕಿಂತ ಸಾರ್ಥಕವಾದದ್ದೂ ಇದೇ.

ಶವರುಗಳ ವಿಷಯದಲ್ಲಿ ಮೊದಲ ಹೆಜ್ಜೆ ಕೈಕೊಟ್ಟಿತು. ಕಡಿಮೆ ನೀರಿನ ಶವರ್ ಹೆಡ್ ತಂದು ಹಾಕಿದರು, ಧಾರೆ ಸೊರಗಿತ್ತು. ಎರಡನೆಯ ದಿನವೇ ಮಗ ಅದನ್ನು ಬಿಚ್ಚಿ ಹಳೆಯದನ್ನು ಸಿಕ್ಕಿಸಿದ. ಜನರಿಗೆ ಹಿಡಿಸದ ಉಪಕರಣ ಎಷ್ಟೇ ಮಿತವ್ಯಯದ್ದಾದರೂ ಪೆಟ್ಟಿಗೆ ಸೇರುತ್ತದೆ. ಎರಡನೆಯ ಸಲ ಮಕ್ಕಳೇ ಆರಿಸಿದರು. ನಿಮಿಷಕ್ಕೆ 7 ಲೀಟರಿನದು, ತೂತುಗಳು ಸಣ್ಣದಿದ್ದು ಧಾರೆಗೆ ರಭಸವಿತ್ತು. ಅದು ಉಳಿಯಿತು. ಇದರ ಜೊತೆಗೆ ಟ್ಯಾಂಕಿಗೆ ಹೊರಹೊದಿಕೆ ಸುತ್ತಿಸಿ, ಥರ್ಮೋಸ್ಟ್ಯಾಟಿನ ಮುಚ್ಚಳ, ವಿದ್ಯುತ್ ಜೋಡಣೆ ಮತ್ತು ಸುರಕ್ಷತಾ ವಾಲ್ವ್ ಇರುವಲ್ಲಿ ತೆರೆದು ಬಿಟ್ಟೆವು. ಟ್ಯಾಂಕಿಗೆ ಸೇರುವ ತಣ್ಣೀರಿನ ಪೈಪಿನ ಮೊದಲ ಒಂದು ಮೀಟರಿಗೂ ಹೊದಿಕೆ ಹಾಕಿಸಿದೆವು, ಲೋಹದ ಮೂಲಕ ಅಲ್ಲಿಂದಲೂ ಶಾಖ ಹರಿಯುತ್ತದೆ.

ಫಲಿತಾಂಶ

ಲೆಕ್ಕದ ಪ್ರಕಾರ ಶವರ್ ಬದಲಾವಣೆಯಿಂದ ಸ್ನಾನಕ್ಕೆ ಬೇಕಾದ ಶಾಖ 9.6ರಿಂದ 5.9 ಯೂನಿಟ್ಟಿಗೆ ಇಳಿಯಬೇಕಿತ್ತು. ಇಳಿದದ್ದು 6.7ರವರೆಗೆ ಮಾತ್ರ. ನೀರು ಕಡಿಮೆ ಬೀಳುತ್ತದೆ, ಬಿಸಿಯೂ ಮುಗಿಯುವುದಿಲ್ಲ ಎಂದಾದಾಗ ಮಕ್ಕಳು ಸ್ವಲ್ಪ ಹೆಚ್ಚು ಹೊತ್ತು ನಿಂತರು. ಇದನ್ನು ನಾನು ಸೋಲು ಎಂದು ಎಣಿಸುವುದಿಲ್ಲ. ಉಳಿತಾಯದ ಒಂದು ಪಾಲನ್ನು ಸುಖಕ್ಕೆ ಖರ್ಚು ಮಾಡುವ ಹಕ್ಕು ಮನೆಯವರಿಗಿದೆ. ಟ್ಯಾಂಕಿನ ನಷ್ಟ 2.6ರಿಂದ 2ಕ್ಕೆ ಬಂತು, ಗುಂಡಿ ಒತ್ತಿದಾಗ ಪೈಪು ಕಾಯಲು ಮುಕ್ಕಾಲು ಯೂನಿಟ್. ಪಾತ್ರೆಯ ನೀರೂ ಸೇರಿ ಒಟ್ಟು ದಿನಕ್ಕೆ ಹತ್ತಕ್ಕೆ ತುಸು ಮೇಲೆ. ಚೆಕ್ ವಾಲ್ವ್ ಮತ್ತು ಪೈಪಿನ ಹೊದಿಕೆಗೆ ಆದ ಖರ್ಚನ್ನು ಮೊದಲ ಕೆಲವು ತಿಂಗಳ ಉಳಿತಾಯವೇ ತೀರಿಸಿತು.

ಎಲ್ಲ ಮುಗಿದ ಮೇಲೆ ಮಗಳು ಒಂದು ಪ್ರಶ್ನೆ ಕೇಳಿದಳು, ಈ ಪ್ರಕರಣದಲ್ಲಿ ಯಾರೂ ಕೇಳದ ಒಳ್ಳೆಯ ಪ್ರಶ್ನೆ ಅದು. ಹೀಟ್ ಪಂಪ್ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಕೊಡುತ್ತದೆ ಎಂದಿದ್ದರಲ್ಲ? ಏನನ್ನೂ ಸರಿಪಡಿಸದೆ ಅದನ್ನೇ ಹಾಕಿಸಿದ್ದರೆ 24 ಇದ್ದದ್ದು 8 ಆಗುತ್ತಿರಲಿಲ್ಲವೇ? ನಾವು ಇಷ್ಟೆಲ್ಲ ಮಾಡಿ ಹತ್ತಕ್ಕೆ ಬಂದೆವಲ್ಲ?

ಭಾಗಾಕಾರ ಸರಿಯಾಗಿತ್ತು. ಆದರೆ ಹೀಟ್ ಪಂಪ್ ಸುತ್ತಲಿನ ಗಾಳಿಯ ಶಾಖವನ್ನು ನೀರಿಗೆ ಸಾಗಿಸುವ ಯಂತ್ರ, ಸಾಗಿಸಬೇಕಾದ ತಾಪದ ಏರು ಹೆಚ್ಚಿದಷ್ಟೂ ಅದರ ಶ್ರಮ ಹೆಚ್ಚುತ್ತದೆ. ಟ್ಯಾಂಕಿನ ಬುಡದಲ್ಲಿ ತಣ್ಣೀರು, ನೆತ್ತಿಯಲ್ಲಿ ಬಿಸಿನೀರು ಬೇರೆಬೇರೆಯಾಗಿ ನಿಂತಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಈ ಮನೆಯ ಸುತ್ತು 45 ಡಿಗ್ರಿಯ ನೀರನ್ನು ನಿರಂತರವಾಗಿ ಬುಡಕ್ಕೆ ಸುರಿದು ಎಲ್ಲವನ್ನೂ ಕಲಕುತ್ತಿತ್ತು. ಮೂರು ಪಟ್ಟು ಎಂಬ ಫಲ ಅಲ್ಲಿ ದಕ್ಕುತ್ತಿರಲಿಲ್ಲ. ಮನೆಬಳಕೆಯ ಹೀಟ್ ಪಂಪಿನ ಶಾಖದ ವೇಗವೂ ಸಾಮಾನ್ಯವಾಗಿ 3 ಕಿಲೋವ್ಯಾಟಿನ ಕಾಯಿಲಿಗಿಂತ ಕಡಿಮೆ. ಬೆಳಗಿನ ಕೊರತೆ ತುಂಬಲು ಅದರೊಳಗಿನ ಸಹಾಯಕ ಕಾಯಿಲ್ ಪದೇ ಪದೇ ಹೊತ್ತಿಕೊಳ್ಳುತ್ತಿತ್ತು. ಎಂಟು ಎಂಬುದು ಕಾಗದದ ಮೇಲೆ ಉಳಿಯುತ್ತಿತ್ತು. ಈಗಿನ ಸ್ಥಿತಿಯಲ್ಲಿ ಹೀಟ್ ಪಂಪ್ ಹಾಕಿದರೆ ಹತ್ತು ಇದ್ದದ್ದು ಮೂರೂವರೆ ನಾಲ್ಕಕ್ಕೆ ಇಳಿಯಬಹುದು, ಅದಕ್ಕೆ ಚಿಕ್ಕ ಯಂತ್ರ ಸಾಕು. ಹಾಗೆಂದು ಚೆನ್ನಾಗಿರುವ ಗೀಸರನ್ನು ಈಗಲೇ ಎಸೆಯುವುದು ಬೇಡ ಎಂದು ನಿರ್ಧಾರವಾಯಿತು. ಟ್ಯಾಂಕಿನ ಒಳಗಿನ ಆನೋಡ್ ಸರಳು ಸವೆದಿತ್ತು. ಉಕ್ಕಿನ ಬದಲು ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುವ ಸರಳು ಅದು. ಅದನ್ನು ಬದಲಿಸಲಾಯಿತು. ಟ್ಯಾಂಕಿನ ಆಯುಷ್ಯ ಮುಗಿದ ದಿನ ಹೀಟ್ ಪಂಪ್ ಎಂದು ಒಪ್ಪಿಕೊಂಡರು.

ಬೇರೆ ಮನೆಗಳಿಗೆ

ಗೀಸರ್ ಬದಲಿಸುವ ಆಲೋಚನೆಯಲ್ಲಿರುವವರು ಮೊದಲು ಖಾಲಿ ಮನೆಯ ಪರೀಕ್ಷೆ ಮಾಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ನೀರು ಬಳಸದ ಒಂದೆರಡು ದಿನ, ಅದಾಗದಿದ್ದರೆ ಹಲವು ರಾತ್ರಿಗಳ ಸರಾಸರಿ. ಗ್ಯಾಸ್ ಗೀಸರಾದರೆ ಗ್ಯಾಸ್ ಮೀಟರ್ ಓದಬೇಕು, ಸಣ್ಣ ಜ್ಯೋತಿ ಸದಾ ಉರಿಯುವ ಬಗೆಯಾದರೆ ಅದರ ಪಾಲೂ ಅದರಲ್ಲಿ ಸೇರಿರುತ್ತದೆ. 200 ಲೀಟರಿನ ಟ್ಯಾಂಕಿಗೆ ದಿನಕ್ಕೆ ಎರಡೋ ಮೂರೋ ಯೂನಿಟ್ ನಷ್ಟ ಬಂದರೆ ದೋಷ ಹುಡುಕುವುದು ಬೇಡ, ಶವರಿನ ಕಡೆ ನೋಡಿ. ಅದರ ದುಪ್ಪಟ್ಟು ಬಂದರೆ ಪೈಪುಗಳನ್ನು ಮುಟ್ಟುತ್ತಾ ಹೋಗಿ. ಬಳಕೆಯಿಲ್ಲದ ಹೊತ್ತಿನಲ್ಲಿ ಟ್ಯಾಂಕಿನಿಂದ ದೂರದ ಪೈಪು ಬೆಚ್ಚಗಿದ್ದರೆ ನೀರು ಎಲ್ಲೋ ಓಡುತ್ತಿದೆ: ಕೆಟ್ಟ ಚೆಕ್ ವಾಲ್ವ್ ಇರಬಹುದು, ಹನಿಯುವ ನಲ್ಲಿ ಇರಬಹುದು, ಬಿಸಿಯೂ ತಣ್ಣೀರೂ ಒಂದೇ ಹಿಡಿಯಲ್ಲಿ ಬರುವ ನಲ್ಲಿಯೊಳಗೆ ಒಂದು ಕಡೆಯ ನೀರು ಇನ್ನೊಂದು ಕಡೆಗೆ ದಾಟುತ್ತಿರಬಹುದು. ಸುತ್ತೇ ಇಲ್ಲದ ಮನೆಯಲ್ಲೂ ಟ್ಯಾಂಕಿನ ನೆತ್ತಿಯಿಂದ ನೇರ ಮೇಲೇರುವ ಪೈಪಿನೊಳಗೆ ಬಿಸಿನೀರು ಏರಿ ತಣ್ಣೀರು ಇಳಿಯುತ್ತಿರುತ್ತದೆ. ಟ್ಯಾಂಕಿನಿಂದ ಹೊರಟ ಪೈಪನ್ನು ಮೊದಲು ಕೆಳಕ್ಕೆ ಬಾಗಿಸಿ ಆಮೇಲೆ ಮೇಲಕ್ಕೊಯ್ದರೆ ಅದು ನಿಲ್ಲುತ್ತದೆ. ಪಂಪಿಲ್ಲದ ಸೌರ ಗೀಸರಿನಲ್ಲಿ ಟ್ಯಾಂಕು ಫಲಕಕ್ಕಿಂತ ಕೆಳಗಿದ್ದರೆ ಇದೇ ತತ್ವ ಉಲ್ಟಾ ಕೆಲಸ ಮಾಡಿ, ಹಗಲಿನ ಶಾಖ ರಾತ್ರಿ ಆಕಾಶಕ್ಕೆ ಹೋಗುತ್ತದೆ.

ಪರೀಕ್ಷೆಯ ದಿನಗಳಲ್ಲಿ ಥರ್ಮೋಸ್ಟ್ಯಾಟ್ ಮುಟ್ಟಬೇಡಿ, ಟೈಮರ್ ಬಿಚ್ಚಿಡಿ, ಮೀಟರ್ ಓದನ್ನು ಗೀಸರ್ ಕಾದು ಆರಿದ ಗಳಿಗೆಯಲ್ಲೇ ಎರಡೂ ಸಲ ತೆಗೆದುಕೊಳ್ಳಿ. ಓದಿನ ಜೊತೆಗೆ ಗಂಟೆಯನ್ನೂ ಬರೆದಿಡಿ.